ಹೊಳೆಯ ಮೇಲೆ ಪೊಲೀಸರಿಲ್ಲ

ಶನಿವಾರ ರಾತ್ರಿ ಬ್ರಹ್ಮಾವರದ ಹೆದ್ದಾರಿಯಲ್ಲಿ ಪೊಲೀಸರು ಊದಿಸುವ ಯಂತ್ರ ಹಿಡಿದು ನಿಂತಿದ್ದಾರೆಂದರೆ ಆ ಸುದ್ದಿ ಅರ್ಧ ಗಂಟೆಯೊಳಗೆ ಸುತ್ತಲಿನ ಊರುಗಳಿಗೆಲ್ಲ ಮುಟ್ಟುತ್ತದೆ. ಮದುವೆಮನೆಯಲ್ಲಿ ಎರಡನೆಯ ಗ್ಲಾಸಿಗೆ ಕೈ ಚಾಚಿದವರು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಕೆಲವರು ಕಾರಿನ ಕೀಲಿಕೈಯನ್ನು ಹೆಂಡತಿಗೋ ಮಗನಿಗೋ ಕೊಡುತ್ತಾರೆ. ಇನ್ನು ಕೆಲವರು ಒಳದಾರಿ ಯಾವುದೆಂದು ವಿಚಾರಿಸುತ್ತಾರೆ. ಅಂತೂ ಒಂದು ಹೆದರಿಕೆ ಇದೆ. ಅದೇ ರಾತ್ರಿ ಒಬ್ಬ ಮಾಬುಕಳದಲ್ಲಿ ಹೆದ್ದಾರಿ ಬಿಟ್ಟು ಪಶ್ಚಿಮಕ್ಕೆ ತಿರುಗಿ, ಹಂಗಾರಕಟ್ಟೆಗೆ ಬಂದು, ಕಟ್ಟಿದ ದೋಣಿಯ ಹಗ್ಗ ಬಿಚ್ಚಿ ಎಂಜಿನ್ ಚಾಲೂ ಮಾಡಿದನೆನ್ನಿ. ಅವನ ಹೊಟ್ಟೆಯಲ್ಲಿ ಎಷ್ಟು ಗ್ಲಾಸು ಇಳಿದಿದೆಯೆಂದು ಕೇಳುವವರು ಯಾರು?

ಇದು ಕಾನೂನಿನ ಪ್ರಶ್ನೆ ಎಂದು ವಕೀಲರಿಗೆ ಬಿಟ್ಟುಬಿಡಬಹುದು. ಆದರೆ ಇದರೊಳಗೆ ಇನ್ನೊಂದು ಪ್ರಶ್ನೆ ಅಡಗಿದೆ, ಅದು ನಮ್ಮ ಮನೆಗಳಿಗೆ ಸೇರಿದ್ದು. ಕೇಳುವವರು ಇಲ್ಲದ ಕಡೆ ತಪ್ಪು ಸಣ್ಣದಾಗುತ್ತದೆಯೇ?

ಹಂಗಾರಕಟ್ಟೆಯನ್ನು ಬಲ್ಲವರಿಗೆ ಆ ಜಾಗದ ಬಗೆಗೆ ಹೆಚ್ಚು ಹೇಳಬೇಕಾಗಿಲ್ಲ. ಸೀತಾ ಮತ್ತು ಸ್ವರ್ಣಾ ನದಿಗಳು ಒಂದಾಗಿ ಕಡಲು ಸೇರುವ ಅಳಿವೆ ಅದು. ರಾಜ್ಯದ ಕಿರು ಬಂದರುಗಳಲ್ಲಿ ಒಂದು. ಆಚೆ ದಡದಲ್ಲಿ ಕೋಡಿಬೆಂಗ್ರೆ. ಕಣ್ಣಿಗೆ ಕಾಣುವ ಊರು, ಕೂಗಿದರೆ ಕೇಳೀತು ಎನ್ನುವಷ್ಟು ಹತ್ತಿರ. ರಸ್ತೆಯಲ್ಲೇ ಹೋಗುತ್ತೇನೆಂದರೆ ಮಾತ್ರ ಬ್ರಹ್ಮಾವರ, ಸಂತೆಕಟ್ಟೆ, ಕೆಮ್ಮಣ್ಣು ಎಂದು ಸುತ್ತು ಹಾಕಬೇಕು. ಆದುದರಿಂದ ಇಲ್ಲಿಯವರಿಗೆ ದೋಣಿಯೆಂದರೆ ಬಹುಕಾಲ ಕಾಲು ಇದ್ದ ಹಾಗೆ. ಶಾಲೆಗೆ, ಸಂತೆಗೆ, ಪೂಜೆಗೆ, ಹೆರಿಗೆಗೆ ಎಲ್ಲದಕ್ಕೂ ದೋಣಿ. ಮೀನಿಗೆ ಹೋಗುವ ದೋಣಿಯಂತೂ ಅನ್ನದ ಬಟ್ಟಲು.

ಈಗ ಇದೇ ನೀರಿನ ಮೇಲೆ ಇನ್ನೊಂದು ಬಗೆಯ ದೋಣಿ ಬಂದಿದೆ. ಸಾಲಿಗ್ರಾಮದ ಪಾರಂಪಳ್ಳಿಯಲ್ಲಿ ಕಾಂಡ್ಲಾ ಗಿಡಗಳ ನಡುವೆ ಹುಟ್ಟು ಹಾಕುವ ಕಯಾಕ್, ಕೋಡಿಬೆಂಗ್ರೆಯ ಹಿನ್ನೀರಿನಲ್ಲಿ ಹೌಸ್‌ಬೋಟ್, ಮಲ್ಪೆಯ ಕಡಲಿನಲ್ಲಿ ನೀರಿನ ಸ್ಕೂಟರಿನಂಥ ಜೆಟ್ ಸ್ಕೀ. ಊರಿಗೆ ನಾಲ್ಕು ಕಾಸು ಬರುವುದಾದರೆ ಬರಲಿ, ಅದರಲ್ಲಿ ತಪ್ಪಿಲ್ಲ. ದಣಿದ ಮನುಷ್ಯ ರಜೆಯ ದಿನ ನೀರಿನ ಮೇಲೆ ನಕ್ಕರೆ ದೇವರಿಗೆ ಸಂತೋಷವೇ ಆಗುತ್ತದೆ. ನನ್ನ ಮಾತು ಇರುವುದು ಆ ನಗುವಿನ ಜೊತೆಗೆ ಬರುವ ಬಾಟಲಿಯ ಬಗೆಗೆ. ಮೋಜು ಅಂದ ಮೇಲೆ ಕುಡಿತ ಇರಲೇಬೇಕು ಎಂಬಂತೆ ನಾವು ನಡೆದುಕೊಳ್ಳುತ್ತೇವಲ್ಲ, ಅದರ ಬಗೆಗೆ.

ಮೊದಲು ಕಾನೂನು ಎಲ್ಲಿ ನಿಂತಿದೆ ಎಂದು ನೋಡೋಣ. 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯಸಾರ ಇರುವವನು ವಾಹನ ಓಡಿಸುವಂತಿಲ್ಲ. 2019ರ ತಿದ್ದುಪಡಿಯ ಅನಂತರ ಮೊದಲ ಬಾರಿಗೆ ಸಿಕ್ಕಿಬಿದ್ದರೆ 6 ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಪುನಃ ಸಿಕ್ಕಿಬಿದ್ದರೆ 2 ವರ್ಷದವರೆಗೆ ಸೆರೆ ಅಥವಾ 15,000 ರೂಪಾಯಿ ಅಥವಾ ಎರಡೂ. ಇಲ್ಲಿ ಗಮನಿಸಬೇಕಾದ ಒಂದು ವಿಶೇಷವಿದೆ. ಯಾರಿಗೂ ಪೆಟ್ಟಾಗಿರಬೇಕೆಂದಿಲ್ಲ, ಗಾಡಿ ಅಡ್ಡಾದಿಡ್ಡಿ ಹೋಗಿರಬೇಕೆಂದೂ ಇಲ್ಲ. ಗೆರೆ ದಾಟಿ ಸ್ಟೇರಿಂಗ್ ಹಿಡಿದದ್ದೇ ಅಪರಾಧ. ಆದರೆ ಈ ಕಾಯ್ದೆ ಮೋಟಾರು ವಾಹನವೆಂದು ಕರೆಯುವುದು ರಸ್ತೆಯ ಮೇಲೆ ಓಡಲು ತಕ್ಕಂತೆ ಮಾಡಿದ ವಾಹನವನ್ನು ಮಾತ್ರ. ದೋಣಿಗೆ ಎಷ್ಟೇ ಶಕ್ತಿಯ ಎಂಜಿನ್ ಕಟ್ಟಿರಲಿ, ಅದು ರಸ್ತೆಯ ಮೇಲೆ ಓಡುವುದಿಲ್ಲ. ಹಾಗಾಗಿ 30 ಮಿಲಿಗ್ರಾಂನ ಆ ಗೆರೆ ಧಕ್ಕೆಯ ಅಂಚಿಗೆ ಬಂದು ನಿಂತುಬಿಡುತ್ತದೆ.

ಹಾಗೆಂದು ನೀರಿನ ಮೇಲೆ ಕಾನೂನೇ ಇಲ್ಲವೆಂದಲ್ಲ. ಬೋಟಿನ ನೋಂದಣಿಗೆ, ಪ್ರಯಾಣಿಕರ ಸುರಕ್ಷತೆಗೆ ಬೇರೆ ನಿಯಮಗಳಿವೆ. ಅಜಾಗರೂಕತೆಯಿಂದ ದೋಣಿ ನಡೆಸಿ ಜೀವಕ್ಕೆ ಅಪಾಯ ತರುವುದು 1860ರ ದಂಡಸಂಹಿತೆಯ ಕಾಲದಿಂದಲೂ ಅಪರಾಧವೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 282ನೇ ಕಲಮು ಅದಕ್ಕೆ 6 ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ಹೇಳುತ್ತದೆ. ಆದರೆ ಅಲ್ಲಿ ದೋಣಿ ಹೇಗೆ ಹೋಯಿತು ಎಂಬುದನ್ನು ಯಾರಾದರೂ ನೋಡಿರಬೇಕು, ಅದನ್ನು ಸಾಬೀತುಪಡಿಸಬೇಕು. ನಡುರಾತ್ರಿ ಅಳಿವೆಯಲ್ಲಿ ನೋಡುವವರು ಯಾರು? ಕಾಂಡ್ಲಾ ಗಿಡದ ಕೊಕ್ಕರೆಗಳು ಸಾಕ್ಷಿ ಹೇಳುವುದಿಲ್ಲ. ಏನಾದರೂ ಆಗಿ, ಹೆಣ ತೇಲಿ ಬಂದ ಮೇಲೆಯೇ ಸಾಮಾನ್ಯವಾಗಿ ವಿಚಾರಣೆ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ವಿಹಾರದ ಬೋಟು ಮಗುಚಿ 22 ಮಂದಿ ಸತ್ತರು. ಅಲ್ಲಿ ಕುಡಿತದ ಮಾತಿರಲಿಲ್ಲ, ಮಿತಿಮೀರಿ ಜನ ತುಂಬಿದ ಮಾತಿತ್ತು. ಆದರೂ ಮೋಜಿನ ದೋಣಿಯ ವಿಷಯದಲ್ಲಿ ನಾವು ಎಚ್ಚರಗೊಳ್ಳುವುದು ಯಾವಾಗ ಎಂಬುದಕ್ಕೆ ಅದು ಸಾಕ್ಷಿ.

ನಮ್ಮ ಹೊಳೆಯಂತೆಯೇ ರಸ್ತೆಯಲ್ಲದ ಇನ್ನೊಂದು ಜಾಗವಿದೆ. ನಮ್ಮ ಊರುಗಳ ಎಷ್ಟೋ ಮನೆಯ ಮಕ್ಕಳು ಈಗ ಕೆನಡಾ, ಅಮೆರಿಕಗಳಲ್ಲಿದ್ದಾರೆ. ಡಿಸೆಂಬರ್ ಬಂತೆಂದರೆ ಅವರು ಮೊಣಕಾಲುದ್ದ ಹಿಮದಲ್ಲಿ ನಿಂತ ಫೋಟೊ ಕಳುಹಿಸುತ್ತಾರೆ. ಕೆಲವು ಫೋಟೊಗಳಲ್ಲಿ ಸ್ಕೂಟರಿನಂಥ ಒಂದು ಬಂಡಿ ಕಾಣಿಸುತ್ತದೆ. ಮುಂದೆ ಚಕ್ರದ ಬದಲು ಎರಡು ಜಾರುಪಟ್ಟಿ, ಹಿಂದೆ ಟ್ಯಾಂಕಿಗೆ ಇರುವಂತೆ ಸುತ್ತುವ ರಬ್ಬರು ಪಟ್ಟಿ, ಹಿಡಿಯಲು ಹ್ಯಾಂಡಲ್. ಇದೇ ಸ್ನೋಮೊಬೈಲ್, ಹಿಮದ ಮೋಟಾರು ಬಂಡಿ. ಹೆಪ್ಪುಗಟ್ಟಿದ ಕೆರೆಗಳ ಮೇಲೆ, ಬಯಲುಗಳಲ್ಲಿ, ಕಾಡಿನ ಹಾದಿಗಳಲ್ಲಿ ಅದು ಕಾರಿನ ವೇಗದಲ್ಲಿ ಓಡುತ್ತದೆ. ನಮ್ಮಲ್ಲಿಯೂ ಗುಲ್ಮಾರ್ಗಿಗೆ, ಸೋಲಾಂಗಿಗೆ ಪ್ರವಾಸ ಹೋದವರು ಅದರ ಮೇಲೆ ಕುಳಿತು ಬಂದಿದ್ದಾರೆ.

ಈ ಬಂಡಿ ಹುಟ್ಟಿದ ಕಥೆ ಕಥೋಲಿಕರಾದ ನಾವು ತಿಳಿದಿರಬೇಕಾದದ್ದು. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಜೋಸೆಫ್ ಆರ್ಮಾನ್ ಬೊಂಬಾರ್ಡಿಯೆ ಎಂಬ ಮೆಕ್ಯಾನಿಕ್ ಇದ್ದರು. 1934ರ ಚಳಿಗಾಲದಲ್ಲಿ ಅವರ ಎರಡು ವರ್ಷದ ಮಗುವಿಗೆ ಅಪೆಂಡಿಸೈಟಿಸ್ ಆಯಿತು. ರಸ್ತೆಗಳೆಲ್ಲ ಹಿಮದಲ್ಲಿ ಮುಚ್ಚಿದ್ದವು, ಆಸ್ಪತ್ರೆಗೆ ಒಯ್ಯಲಾಗಲಿಲ್ಲ, ಮಗು ತೀರಿಕೊಂಡಿತು. ಹಿಮದ ಮೇಲೆ ಓಡುವ ವಾಹನವನ್ನು ಅವರು ಅದಕ್ಕೂ ಮುಂಚಿನಿಂದಲೇ ಹುಡುಕುತ್ತಿದ್ದರು. ಆ ಸಾವಿನ ಅನಂತರ ಪಟ್ಟು ಹಿಡಿದು 1937ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಮುಂದೆ 1959ರಲ್ಲಿ ಒಬ್ಬಿಬ್ಬರು ಕುಳಿತು ಹೋಗುವ ಸಣ್ಣ ಬಂಡಿ ತಯಾರಾದಾಗ ಅದರ ಮೊದಲ ಮಾದರಿಗಳಲ್ಲೊಂದು ಉತ್ತರ ಒಂಟಾರಿಯೊದಲ್ಲಿ ಆದಿವಾಸಿಗಳ ನಡುವೆ ಸೇವೆಯಲ್ಲಿದ್ದ ಓಬ್ಲೇಟ್ ಸಭೆಯ ಒಬ್ಬ ಮಿಷನರಿ ಗುರುಗಳಿಗೆ ಹೋಯಿತು. ಸಾಯುವವರ ಬಳಿಗೆ ಹೊತ್ತಿಗೆ ಸರಿಯಾಗಿ ತಲಪಲು ನಾಯಿಗಳ ಬಂಡಿಗಿಂತ ಇದು ಮೇಲು ತಾನೆ?

ಸತ್ತ ಮಗುವಿನ ನೆನಪನ್ನು ಹೊತ್ತ ಬಂಡಿ ಅದು. ಮುಂದೆ ಅದೇ ಬಂಡಿ ಮೋಜಿನ ಸಾಮಾನಾಯಿತು, ಅದರ ಹಿಂದೆ ಬಾಟಲಿಯೂ ಬಂತು. 2018ರ ಜನವರಿಯಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ, ಹೆಪ್ಪುಗಟ್ಟಿದ ಚಿಸಾಗೊ ಎಂಬ ಕೆರೆಯ ಮೇಲೆ ಒಂದು ಕುಟುಂಬ ಮೀನು ಹಿಡಿಯಲು ಬಿಡಾರ ಹೂಡುತ್ತಿತ್ತು. ಅಲ್ಲಿ ಮಂಜುಗಡ್ಡೆಗೆ ತೂತು ಕೊರೆದು ಗಾಳ ಇಳಿಬಿಡುತ್ತಾರೆ. ಕುಡಿದು ಸ್ನೋಮೊಬೈಲ್ ಓಡಿಸುತ್ತ ಬಂದ ಒಬ್ಬ ಅವರ ಮೇಲೆಯೇ ನುಗ್ಗಿದ. ಆ ಮನೆಯ ಎಂಟು ವರ್ಷದ ಹುಡುಗ ಕೆಲವು ದಿನಗಳ ಬಳಿಕ ಆಸ್ಪತ್ರೆಯಲ್ಲಿ ತೀರಿಕೊಂಡ.

ಆ ರಾಜ್ಯದಲ್ಲಿ ಕುಡಿದು ಹಿಮದ ಬಂಡಿ ಓಡಿಸುವುದು ಆಗಲೇ ಅಪರಾಧವಾಗಿತ್ತು. ಆದರೆ ಕಾನೂನಿನಲ್ಲಿ ಒಂದು ಕಂಡಿಯಿತ್ತು. ಕುಡಿದು ಕಾರು ಓಡಿಸಿ ಲೈಸೆನ್ಸು ಕಳೆದುಕೊಂಡವನು ಕಾರು ಮುಟ್ಟುವಂತಿರಲಿಲ್ಲ; ಹಿಮದ ಬಂಡಿಯನ್ನು ಮಾತ್ರ ಓಡಿಸಬಹುದಿತ್ತು! ಮಗುವಿನ ಹೆತ್ತವರು ಶಾಸಕರ ಬಾಗಿಲು ತಟ್ಟಿದರು. ಅದೇ ವರ್ಷ ಆಗಸ್ಟ್ 1ರಿಂದ ಕಾನೂನು ಬದಲಾಯಿತು. ಕಾರು, ಹಿಮದ ಬಂಡಿ, ಮೋಟಾರು ದೋಣಿ, ಯಾವುದನ್ನೇ ಕುಡಿದು ಓಡಿಸಿ ಶಿಕ್ಷೆಯಾದರೂ ಉಳಿದವನ್ನೂ ಓಡಿಸುವ ಹಕ್ಕು ಹೋಗುತ್ತದೆ. ಈ ಬದಲಾವಣೆಯಲ್ಲಿ ನನಗೆ ತುಂಬ ದೊಡ್ಡದೊಂದು ತಿಳಿವಳಿಕೆ ಕಾಣಿಸುತ್ತದೆ. ಅಲ್ಲಿಯ ತನಕ ಕಾನೂನು ಯಂತ್ರವನ್ನು ನೋಡುತ್ತಿತ್ತು. ಆಮೇಲೆ ಅದು ಮನುಷ್ಯನನ್ನು ನೋಡತೊಡಗಿತು.

ಕೆನಡಾದ ಒಂದು ಮೊಕದ್ದಮೆ ಇನ್ನೂ ಮುಂದೆ ಹೋಯಿತು. 2017ರ ಏಪ್ರಿಲ್‌ನಲ್ಲಿ ಒಂಟಾರಿಯೊದ ಮಸ್ಕೋಕ ನದಿ ತುಂಬಿ ಹರಿಯುತ್ತಿದ್ದಾಗ ಕುಡಿದಿದ್ದ ಒಬ್ಬ ಎಂಟು ವರ್ಷದ ಹುಡುಗನನ್ನು ಕೂರಿಸಿಕೊಂಡು ಸಣ್ಣ ಹುಟ್ಟುದೋಣಿಯಲ್ಲಿ ಹೊರಟ. ದೋಣಿ ಮಗುಚಿತು, ಹುಡುಗ ಜಲಪಾತದ ಪಾಲಾದ. ಎಂಜಿನ್ನೇ ಇಲ್ಲದ ದೋಣಿಗೂ ಕುಡಿದು ನಡೆಸಬಾರದೆಂಬ ಕಾನೂನು ಸಲ್ಲುತ್ತದೆಯೇ ಎಂದು ವಾದ ಎದ್ದಿತು. ಸಲ್ಲುತ್ತದೆ ಎಂದಿತು ನ್ಯಾಯಾಲಯ. 2019ರಲ್ಲಿ ಆತ ಅಪರಾಧಿಯೆಂದು ತೀರ್ಪಾಯಿತು. ನಮ್ಮ ಪಾತಿ ದೋಣಿಯಂಥದೇ ಅದು. ತೋಳಿನ ಬಲವೊಂದೇ ಅದಕ್ಕೆ ಎಂಜಿನ್.

ಒಂದು ಮಾತು ಹೇಳಲೇಬೇಕು. ಆ ದೇಶಗಳಲ್ಲಿ ಗೆರೆ ಇರುವುದು 80 ಮಿಲಿಗ್ರಾಂಗೆ, ನಮ್ಮದು 30. ರಸ್ತೆಯಲ್ಲಿ ನಾವು ಅವರಿಗಿಂತ ಬಿಗಿ, ರಸ್ತೆ ಮುಗಿದಲ್ಲಿ ಸಡಿಲ.

ಇರಲಿ, ಕಾನೂನಿಗೆ ಅದರ ಮಿತಿಯಿದೆ. ಜನಜಂಗುಳಿ ಎಲ್ಲಿದೆಯೋ ಅಲ್ಲಿ ಅದು ಮೊದಲು ತಲಪುತ್ತದೆ, ಕಾಡಿಗೆ, ಹಿಮಕ್ಕೆ, ಹೊಳೆಗೆ ನಿಧಾನವಾಗಿ ಬರುತ್ತದೆ. ನಮ್ಮ ಮನಸ್ಸಾಕ್ಷಿ ಏಕೆ ಅದರ ಬೆನ್ನ ಹಿಂದೆಯೇ ನಡೆಯಬೇಕು? ಧರ್ಮಸಭೆ ಈ ವಿಷಯದಲ್ಲಿ ಕಾದು ಕುಳಿತಿಲ್ಲ. 1992ರಲ್ಲಿ ಪೋಪ್ ದ್ವಿತೀಯ ಜಾನ್ ಪಾವ್ಲ್ ಅವರು ಪ್ರಕಟಿಸಿದ ಕಥೋಲಿಕ ಧರ್ಮೋಪದೇಶ ಗ್ರಂಥದ 2290ನೇ ಪರಿಚ್ಛೇದ ಓದಿ ನೋಡಿ. ಕುಡಿತದಿಂದಲೋ ವೇಗದ ಹುಚ್ಚಿನಿಂದಲೋ ತಮ್ಮ ಮತ್ತು ಇತರರ ಜೀವವನ್ನು ಅಪಾಯಕ್ಕೆ ಒಡ್ಡುವವರ ದೋಷ ಗಂಭೀರವಾದದ್ದು ಎಂದು ಅಲ್ಲಿ ಹೇಳಿದೆ. ರಸ್ತೆಯೆಂದಷ್ಟೇ ಹೇಳಿ ನಿಲ್ಲಿಸದೆ ಕಡಲನ್ನೂ ಆಕಾಶವನ್ನೂ ಹೆಸರಿಸಿದೆ. ಹಿಮವನ್ನು ಹೆಸರಿಸಿಲ್ಲ, ನಿಜ. ಹೆಸರಿಸಿಲ್ಲವೆಂದು ವಾದಕ್ಕೆ ನಿಲ್ಲುವವನಿಗೆ ವಕೀಲಿಕೆಯೇ ಸರಿಯಾದ ಉದ್ಯೋಗ.

ಆ ಪರಿಚ್ಛೇದದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಎರಡು. ಕುಡಿದು ಓಡಿಸುವ ಮಾತು ಅಲ್ಲಿ ಬಂದಿರುವುದು ಐದನೆಯ ಆಜ್ಞೆಯ ಕೆಳಗೆ, ಅಂದರೆ ಕೊಲ್ಲಬೇಡ ಎಂಬ ಆಜ್ಞೆಯ ಕೆಳಗೆ. ನಾವು ಅದನ್ನು ಹೊಟ್ಟೆಬಾಕತನದ, ಚಟದ ಪಟ್ಟಿಯಲ್ಲಿ ಹಾಕಿ, ಗಂಡಸರ ಒಂದು ದೌರ್ಬಲ್ಯವೆಂದು ನಕ್ಕು ಬಿಡುತ್ತೇವೆ. ಇನ್ನೊಂದು, ಅಪಾಯಕ್ಕೆ ಒಡ್ಡುವುದೇ ದೋಷ ಎಂಬ ಮಾತು. ಯಾರಾದರೂ ಸಾಯಬೇಕೆಂದಿಲ್ಲ.

ಇಲ್ಲಿ ನಮ್ಮೆಲ್ಲರ ಮನೆಯ ಒಂದು ಮಾತನ್ನು ಎತ್ತಿಕೊಳ್ಳಬೇಕಾಗಿದೆ: ಏನೂ ಆಗಲಿಲ್ಲವಲ್ಲ! ರಾತ್ರಿ ತಡವಾಗಿ, ಕಾಲು ತೊಡರುತ್ತ ಬಂದ ಮಗನನ್ನು ತಾಯಿ ಬಯ್ಯುತ್ತಾಳೆ. ದೋಣಿ ನೀನೇ ನಡೆಸಿಕೊಂಡು ಬಂದೆಯಾ ಎಂದು ಕೇಳುತ್ತಾಳೆ. ಮಗ ಹೇಳುವುದು ಅದೇ ಮಾತು: ಏನೂ ಆಗಲಿಲ್ಲವಲ್ಲ ಅಮ್ಮ, ಬಂದು ಮುಟ್ಟಿದೆನಲ್ಲ. ತಾಯಿ ಉಸಿರು ಬಿಟ್ಟು, ದೇವರು ದೊಡ್ಡವನು ಎಂದು ಅನ್ನ ಬಡಿಸುತ್ತಾಳೆ. ಬೆಳಗಾದರೆ ಆ ಮಾತು ಮುಗಿದಿರುತ್ತದೆ.

ಇಬ್ಬರನ್ನು ಕಲ್ಪಿಸಿಕೊಳ್ಳಿ. ಒಂದೇ ಮೇಜಿನಲ್ಲಿ ಕುಳಿತು ಒಂದೇ ಅಳತೆಯಲ್ಲಿ ಕುಡಿದರು, ಒಂದೇ ಹೊತ್ತಿಗೆ ಎದ್ದು ಒಂದೇ ಬಗೆಯ ದೋಣಿ ಹತ್ತಿದರು. ಒಬ್ಬನ ದಾರಿಯಲ್ಲಿ ಯಾರೂ ಇರಲಿಲ್ಲ. ಇನ್ನೊಬ್ಬನ ದಾರಿಯಲ್ಲಿ ದೀಪವಿಲ್ಲದ ಪಾತಿಯಲ್ಲಿ ಒಬ್ಬ ಮುದುಕ ಬಲೆ ಬಿಡುತ್ತಿದ್ದ. ಕಾನೂನಿನ ಕಣ್ಣಿಗೆ ಇವರಿಬ್ಬರ ನಡುವೆ ಆಕಾಶ ಭೂಮಿಯ ಅಂತರ. ಮೊದಲನೆಯವನಿಗೆ ಏನೂ ಇಲ್ಲ, ಎರಡನೆಯವನಿಗೆ ನಿರ್ಲಕ್ಷ್ಯದಿಂದ ಸಾವು ತಂದ ಅಪರಾಧಕ್ಕೆ 5 ವರ್ಷದವರೆಗೆ ಸೆರೆ. ಆದರೆ ಇವರಿಬ್ಬರು ಮಾಡಿದ್ದರಲ್ಲಿ ವ್ಯತ್ಯಾಸವೇನಿದೆ? ಮುದುಕ ಅಲ್ಲಿ ಇದ್ದದ್ದು, ಇಲ್ಲಿ ಇಲ್ಲದೆ ಹೋದದ್ದು. ಅದು ಇವರ ಕೈಯ ಕೆಲಸವಲ್ಲ.

ನ್ಯಾಯಾಲಯ ಹೀಗೆ ಭೇದ ಮಾಡುವುದು ತಪ್ಪೆಂದು ನಾನು ಹೇಳಲಾರೆ. ಸತ್ತವನ ಮನೆಯವರಿಗೆ ಉತ್ತರ ಕೊಡುವ ಹೊಣೆ ಅದಕ್ಕಿದೆ. ಕಣ್ಣಿಗೆ ಕಂಡದ್ದನ್ನು, ಸಾಬೀತಾದದ್ದನ್ನು ಮಾತ್ರ ಅದು ತೂಗಬಲ್ಲದು. ಆದರೆ ಪಾಪನಿವೇದನೆಯ ಪೀಠದ ಮುಂದೆ ಮಂಡಿಯೂರುವಾಗ ಆ ತಕ್ಕಡಿಯನ್ನು ಜೊತೆಗೆ ಒಯ್ಯುವುದು ಸರಿಯಲ್ಲ. ಅಲ್ಲಿ ಮೊದಲನೆಯವನೂ ಎರಡನೆಯವನೂ ಒಂದೇ ಸಂಗತಿಯನ್ನು ಹೇಳಿಕೊಳ್ಳಬೇಕಾಗಿದೆ. ವಾಸ್ತವದಲ್ಲಿ ಏನಾಗುತ್ತದೆ? ಎರಡನೆಯವನು ಜೀವನವಿಡೀ ಅಳುತ್ತಾನೆ. ಮೊದಲನೆಯವನಿಗೆ ಹೇಳಿಕೊಳ್ಳಬೇಕಾದದ್ದು ಏನಾದರೂ ಇದೆಯೆಂದು ನೆನಪೇ ಇಲ್ಲ. ಮುಂದಿನ ಶನಿವಾರ ಅವನು ಇನ್ನೂ ಧೈರ್ಯದಿಂದ ದೋಣಿ ಹತ್ತುತ್ತಾನೆ, ಏಕೆಂದರೆ ಹೋದ ಸಲ ಏನೂ ಆಗಲಿಲ್ಲವಲ್ಲ. ದೇವರು ಕರುಣೆಯಿಂದ ಉಳಿಸಿದ್ದನ್ನು ಅವನು ತನ್ನ ಸಾಮರ್ಥ್ಯಕ್ಕೆ ಸಿಕ್ಕಿದ ಸರ್ಟಿಫಿಕೇಟು ಎಂದು ತಿಳಿದುಕೊಂಡಿದ್ದಾನೆ.

ಆಗ ನನಗೆ ಪ್ರಜ್ಞೆಯೇ ಇರಲಿಲ್ಲ, ಮತ್ತೆ ನನ್ನ ತಪ್ಪು ಹೇಗೆ ಎಂದು ಕೇಳುವವರೂ ಇದ್ದಾರೆ. ಇದು ಹಳೆಯ ಪ್ರಶ್ನೆ. ಕ್ರಿಸ್ತಪೂರ್ವ ಆರನೆಯ ಶತಮಾನದ ಸುಮಾರಿಗೆ ಗ್ರೀಸಿನ ಲೆಸ್ಬೋಸ್ ದ್ವೀಪದಲ್ಲಿ ಪಿತ್ತಾಕಸ್ ಎಂಬ ಆಡಳಿತಗಾರನಿದ್ದ. ದ್ವೀಪದಲ್ಲಿ ದ್ರಾಕ್ಷಾರಸಕ್ಕೆ ಕೊರತೆಯಿರಲಿಲ್ಲ. ಕುಡಿದು ಅಪರಾಧ ಮಾಡಿದವನಿಗೆ ಕುಡಿಯದೆ ಮಾಡಿದವನಿಗಿಂತ ಹೆಚ್ಚಿನ ದಂಡ ಎಂದು ಆತ ಕಾನೂನು ಮಾಡಿದ. ತತ್ತ್ವಜ್ಞಾನಿ ಅರಿಸ್ಟಾಟಲ್ ಇದನ್ನು ನೆನಪಿಸಿಕೊಂಡು, ಕುಡಿದವನ ಅಜ್ಞಾನಕ್ಕೆ ಅವನೇ ಕಾರಣ ಎನ್ನುತ್ತಾನೆ. ಕುಡಿಯದೆ ಇರುವುದು ಅವನ ಕೈಯಲ್ಲೇ ಇತ್ತಲ್ಲ! ಸಂತ ತೋಮಸ್ ಅಕ್ವಿನಾಸರು ಇನ್ನಷ್ಟು ಸೂಕ್ಷ್ಮವಾಗಿ ಬಿಡಿಸಿ ಹೇಳುತ್ತಾರೆ. ಪಾನೀಯದ ಅಮಲು ಎಷ್ಟೆಂದು ತಿಳಿಯದೆ ಕುಡಿದವನಲ್ಲಿ ದೋಷವಿಲ್ಲ. ಆದಿಕಾಂಡದ ನೋವನನ್ನು ಅವರು ಹೀಗೆಯೇ ಬಿಟ್ಟುಕೊಡುತ್ತಾರೆ. ಆದರೆ ತಿಳಿದೂ ತಿಳಿದೂ ಮತ್ತನಾದವನ ಮಾತು ಬೇರೆ. ಅಮಲಿನಲ್ಲಿ ಮಾಡಿದ ತಪ್ಪಿನ ಭಾರ ಒಂದಿಷ್ಟು ಇಳಿದೀತು, ಪೂರ್ತಿ ಇಳಿಯುವುದಿಲ್ಲ, ಏಕೆಂದರೆ ಬುಡದಲ್ಲಿ ಒಂದು ಸ್ವಇಚ್ಛೆಯ ತಪ್ಪಿದೆ. ನಮ್ಮ ದೇಶದ ಕಾನೂನು ಕೂಡ ಬೇರೆಯವರು ಮೋಸದಿಂದಲೋ ಬಲವಂತದಿಂದಲೋ ಕುಡಿಸಿದವನಿಗೆ ಮಾತ್ರ ವಿನಾಯಿತಿ ಕೊಡುತ್ತದೆ. ಅಂದ ಹಾಗೆ, ನೋವ ದ್ರಾಕ್ಷಾರಸ ಕುಡಿದದ್ದು ನಾವೆಯಿಂದ ಇಳಿದ ಮೇಲೆ, ನಾವೆಯಲ್ಲಿ ಇರುವಾಗ ಅಲ್ಲ. ಇದನ್ನು ನಮ್ಮ ಧಕ್ಕೆಯಲ್ಲಿ ಯಾರಾದರೂ ಬರೆಸಿ ಹಾಕಿದರೆ ಒಳ್ಳೆಯದು.

ತಪ್ಪಿನ ಬುಡ ಇರುವುದು ಚುಕ್ಕಾಣಿ ಹಿಡಿದ ಗಳಿಗೆಯಲ್ಲಿ ಅಲ್ಲ. ಆ ಗಳಿಗೆಯಲ್ಲಿ ಅವನಿಗೆ ತೀರ್ಮಾನಿಸುವ ಶಕ್ತಿಯೇ ಉಳಿದಿರುವುದಿಲ್ಲ. ಮದ್ಯ ಮೊದಲು ಕಿತ್ತುಕೊಳ್ಳುವುದು ಕೈಕಾಲಿನ ಬಲವನ್ನಲ್ಲ, ನನಗೆ ಎಷ್ಟು ಏರಿದೆ ಎಂದು ಅಳೆಯುವ ಬುದ್ಧಿಯನ್ನು. ನಾನು ಸರಿಯಾಗಿದ್ದೇನೆ ಎಂದು ಎಲ್ಲರಿಗಿಂತ ಜೋರಾಗಿ ಹೇಳುವವನು ಯಾರೆಂದು ನಿಮಗೆ ಗೊತ್ತಿದೆ. ಆದುದರಿಂದ ತೀರ್ಮಾನ ಆಗಬೇಕಾದದ್ದು ಮೊದಲ ಗ್ಲಾಸಿಗೆ ಮುಂಚೆ, ಮನೆಗೆ ಹೋಗುವುದು ಹೇಗೆ ಎಂಬ ಪ್ರಶ್ನೆಗೆ ಇನ್ನೂ ಬುದ್ಧಿ ನೆಟ್ಟಗೆ ಉತ್ತರ ಕೊಡುವಾಗ.

ನನ್ನ ಜೀವ, ನನ್ನ ದೋಣಿ, ಖಾಲಿ ಹೊಳೆ, ನಿಮಗೇನು ಎನ್ನುವವನಿಗೆ ಏನು ಹೇಳೋಣ? ಅವನ ಜೀವ ಅವನದಷ್ಟೇ ಅಲ್ಲ, ದೇವರು ಕೊಟ್ಟದ್ದು ಎಂದು ನಾವು ನಂಬುತ್ತೇವೆ; ಅದನ್ನು ಒಪ್ಪದವನಿಗೂ ಇನ್ನೊಂದು ಮಾತು ಹೇಳಬಹುದು. ಹೊಳೆ ಖಾಲಿ ಎಂದು ಹೇಳುತ್ತಿರುವ ಕಣ್ಣು ಕುಡಿದ ಕಣ್ಣು. ಚಿಸಾಗೊ ಕೆರೆಯೂ ಆ ಸಂಜೆ ಒಬ್ಬನಿಗೆ ಖಾಲಿಯಾಗಿಯೇ ಕಂಡಿರಬೇಕು. ಮತ್ತೆ ಅವನು ನೀರಿಗೆ ಬಿದ್ದರೆ ಹುಡುಕಲು ಕತ್ತಲಲ್ಲಿ ದೋಣಿ ಇಳಿಸುವವರು ಯಾರು? ಅವನ ಅಣ್ಣತಮ್ಮಂದಿರು, ಅವನ ಕೇರಿಯ ಮೊಗವೀರರು, ಖಾರ್ವಿಗಳು. ಅಳಿವೆಯ ಸೆಳೆತಕ್ಕೆ ಅವರ ಜೀವ ಬೇರೆ, ಇವನ ಜೀವ ಬೇರೆ ಎಂದಿಲ್ಲ.

ಮೀನಿಗೆ ಹೋಗುವವರ ವಾದವನ್ನು ನಾನು ಇಷ್ಟು ಸುಲಭವಾಗಿ ತಳ್ಳಿಹಾಕಲಾರೆ. ಬೆಳಗಿನ ಜಾವ, ಮೈ ಕೊರೆಯುವ ಗಾಳಿ, ಮುಂದೆ ಕಪ್ಪು ಕಡಲು. ಒಂದು ಗುಟುಕು ಹಾಕಿದರೆ ಚಳಿಯೂ ಹೆದರಿಕೆಯೂ ಹೋಗುತ್ತದೆ ಎನ್ನುತ್ತಾರೆ. ಆ ಹೆದರಿಕೆಯನ್ನು ಬಲ್ಲದ ನಾವು ದಡದಲ್ಲಿ ಕುಳಿತು ಉಪದೇಶ ಮಾಡುವುದು ಸುಲಭ. ಸಂತ ಪೌಲರು ಕೂಡ ತಿಮೊಥೇಯನಿಗೆ ಹೊಟ್ಟೆಯ ಕಾರಣಕ್ಕೆ ತುಸು ದ್ರಾಕ್ಷಾರಸ ತೆಗೆದುಕೊಳ್ಳಲು ಹೇಳಿದ್ದರು. ಆದರೆ ಚಳಿಯ ವಿಷಯದಲ್ಲಿ ಆ ಗುಟುಕು ಸುಳ್ಳು ಹೇಳುತ್ತದೆ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಅದರಿಂದ ಮೈ ಬೆಚ್ಚಗಾದಂತೆ ಅನಿಸುತ್ತದೆ. ನಿಜವಾಗಿ ಒಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ. ನೀರಿಗೆ ಬಿದ್ದವನು, ಹಿಮದಲ್ಲಿ ಸಿಕ್ಕಿಕೊಂಡವನು ಅದರಿಂದ ಬೇಗ ಸೋಲುತ್ತಾನೆ. ಬಿಸಿಲು, ಗಾಳಿ, ದೋಣಿಯ ತೂಗಾಟ ಸೇರಿದರೆ ದಡದ ಮೇಲಿಗಿಂತ ನೀರಿನ ಮೇಲೆ ಅದೇ ಅಳತೆ ಹೆಚ್ಚು ತಲೆಗೇರುತ್ತದೆ. ಇದನ್ನು ತಂಡೇಲರಿಗೆ ಗುರುಗಳಿಗಿಂತ ವೈದ್ಯರು ಹೇಳಿದರೆ ಮೇಲು.

ದುಡಿಮೆಯವನ ಜೊತೆ ಮೋಜಿನವನನ್ನು ಒಂದೇ ಸಾಲಿನಲ್ಲಿ ನಿಲ್ಲಿಸುವುದಕ್ಕೂ ನನಗೆ ಮನಸ್ಸಿಲ್ಲ. ಕುದ್ರುವಿನಲ್ಲಿ ನಡುರಾತ್ರಿ ಒಬ್ಬಳಿಗೆ ಹೆರಿಗೆ ನೋವು ಬಂದಿದೆ, ದೋಣಿ ನಡೆಸಲು ಬಲ್ಲವನು ಒಬ್ಬನೇ, ಅವನು ಆ ರಾತ್ರಿ ಎರಡು ಲೋಟ ಶೇಂದಿ ಕುಡಿದಿದ್ದಾನೆ ಎನ್ನಿ. ಅವನು ಹೊರಡಬೇಕೇ ಬೇಡವೇ? ಇಲ್ಲಿ ತಕ್ಕಡಿಯ ಎರಡೂ ತಟ್ಟೆಯಲ್ಲಿ ಜೀವವಿದೆ. ಎದೆ ನಡುಗುತ್ತಲೇ ಹೊರಡು ಎನ್ನುತ್ತೇನೆ ನಾನು, ನಿಧಾನವಾಗಿ, ದಡದ ಪಕ್ಕದಲ್ಲೇ, ಇನ್ನೊಬ್ಬನನ್ನು ಮುಂದೆ ಟಾರ್ಚು ಹಿಡಿದು ಕೂರಿಸಿಕೊಂಡು. ಬೊಂಬಾರ್ಡಿಯೆಯವರ ಮನೆಯ ಆ ರಾತ್ರಿ ಯಾರಾದರೂ ಕುಡಿದವನೇ ಬಂಡಿ ತಂದಿದ್ದರೂ ಅವರು ಬೇಡವೆನ್ನುತ್ತಿದ್ದರೇ? ಆದರೆ ಮೋಜಿಗೆ ಹೊರಟವನ ತಕ್ಕಡಿಯಲ್ಲಿ ಈಚೆ ತಟ್ಟೆಯಲ್ಲಿ ಜೀವವಿದೆ, ಆಚೆ ತಟ್ಟೆ ಬರಿದು. ಹೋಗದಿದ್ದರೆ ಯಾರಿಗೂ ಏನೂ ಕಡಿಮೆಯಾಗುವುದಿಲ್ಲ. ಹೀಗಿರುವಾಗ ಮೋಜಿನ ದೋಣಿ, ಮೋಜಿನ ಬಂಡಿಯ ವಿಷಯದಲ್ಲಿ ಕಾನೂನು ಹೆಚ್ಚು ಸಡಿಲವಾಗಿರಲಿ ಎಂದು ಕೇಳುವುದರಲ್ಲಿ ಅರ್ಥವಿಲ್ಲ, ಹೆಚ್ಚು ಬಿಗಿಯಾಗಿರಬೇಕು. ರಸ್ತೆಯಲ್ಲಿ ಹೋಗುವವನಿಗಾದರೂ ಮನೆಗೆ ಮುಟ್ಟಬೇಕೆಂಬ ಕಾರಣವಿರುತ್ತದೆ.

ಕುಡಿಸುವವರ ಮಾತು ಉಳಿಯಿತು. ನಮ್ಮ ರೋಸಿನ ಮನೆಗಳಲ್ಲಿ, ಮದುವೆಯ ಟೋಸ್ಟಿನಲ್ಲಿ, ತೆನೆಹಬ್ಬದ ಊಟದಲ್ಲಿ ಅತಿಥಿಯ ಗ್ಲಾಸು ಖಾಲಿಯಾಗಲು ಬಿಡುವುದು ಮನೆಗೆ ಅವಮಾನ ಎಂಬ ಭಾವನೆಯಿದೆ. ಬೇಡ ಎಂದ ಅಳಿಯನಿಗೆ ಮಾವನೇ ಇನ್ನೊಂದು ಸುರಿಯುತ್ತಾರೆ. ಗುರಿಕಾರರು ನಕ್ಕು, ಒಂದರಲ್ಲಿ ಏನಾಗುತ್ತದೆ ಎನ್ನುತ್ತಾರೆ. ಕಾನಾ ಊರಿನ ಮದುವೆಯಲ್ಲಿ ಪ್ರಭುವೇ ನೀರನ್ನು ದ್ರಾಕ್ಷಾರಸ ಮಾಡಲಿಲ್ಲವೇ ಎಂದು ಕೇಳುವ ಒಬ್ಬ ಪ್ರತಿ ಮದುವೆಯಲ್ಲಿಯೂ ಇರುತ್ತಾನೆ. ಮಾಡಿದರು, ನಿಜ. ಆ ಮದುವೆಯ ನೆಂಟರು ನಡೆದುಕೊಂಡು ಮನೆಗೆ ಹೋದರು. ಅತಿಥಿ ಹೇಗೆ ಹಿಂದಿರುಗುತ್ತಾನೆಂದು ತಿಳಿದೂ ಸುರಿದ ಕೈಗೆ, ಮಗುಚಿದ ದೋಣಿಯಲ್ಲಿ ಒಂದು ಪಾಲಿದೆ. ಎಷ್ಟು ಪಾಲು ಎಂದು ನಾನು ಲೆಕ್ಕ ಹಾಕಲಾರೆ, ಇಲ್ಲವೆನ್ನಲಂತೂ ಸಾಧ್ಯವಿಲ್ಲ.

ಹಾಗಾದರೆ ಏನು ಮಾಡಬೇಕು ಎಂದು ಓದುಗರು ಕೇಳುತ್ತೀರಿ. ಹೆದ್ದಾರಿಯಲ್ಲಿ ಉತ್ತರ ಸುಲಭ, ಕುಡಿಯದ ಒಬ್ಬನಿಗೆ ಕೀಲಿಕೈ ಕೊಟ್ಟರಾಯಿತು. ಹೊಳೆಯಲ್ಲಿ ಅಷ್ಟು ಸುಲಭವಲ್ಲ. ಕುದ್ರುವಿನ ಮನೆಯಲ್ಲಿ ರೋಸು ಮುಗಿದಿದೆ. ಇಳಿತದ ಹೊತ್ತು, ನೀರು ಇಳಿದು ಮರಳದಿಬ್ಬಗಳು ಎಲ್ಲೆಲ್ಲಿ ಎದ್ದಿವೆಯೋ ತಿಳಿಯದು. ದಿಬ್ಬದ ದಾರಿ ಬಲ್ಲವನು ಕುಡಿದಿದ್ದಾನೆ. ಕುಡಿಯದೆ ಉಳಿದವನು ಹದಿನಾರರ ಹುಡುಗ, ಅವನಿಗೆ ದಾರಿ ತಿಳಿಯದು. ದೋಣಿಯಲ್ಲಿ ಹೋಗಬೇಕಾದವರು ಹನ್ನೊಂದು ಮಂದಿ, ಅದರಲ್ಲಿ ಮಕ್ಕಳು ಮೂವರು. ಕುಡಿದವನು ನಾನೇ ನಡೆಸುತ್ತೇನೆ ಎನ್ನುತ್ತಿದ್ದಾನೆ, ಗಂಡಸರು ತಲೆಯಾಡಿಸುತ್ತಿದ್ದಾರೆ, ನಾಳೆ ಬೆಳಿಗ್ಗೆ ಕೆಲಸವಿದೆಯಲ್ಲ ಎನ್ನುತ್ತಿದ್ದಾರೆ. ಮನೆಯ ಯಜಮಾನಿ ಒಳಗೆ ಹೋಗಿ ಚಾಪೆಗಳನ್ನು ತಂದು ಜಗಲಿಯಲ್ಲಿ ಹಾಸಬೇಕು. ಮಕ್ಕಳನ್ನು ಮೊದಲು ಮಲಗಿಸಬೇಕು, ಮಲಗಿದ ಮಕ್ಕಳನ್ನು ಎಬ್ಬಿಸಿ ದೋಣಿಗೆ ಹತ್ತಿಸಲು ಯಾರೂ ಮನಸ್ಸು ಮಾಡುವುದಿಲ್ಲ. ಬೆಳಗಿನ ಜಾವ ಭರತ ಏರುತ್ತದೆ. ಅಷ್ಟರಲ್ಲಿ ಕಾಫಿಗೆ ನೀರು ಇಟ್ಟರಾಯಿತು.